ದಿಣ್ಣೆಯ ಮೇಲಿನ ಊರು, ಹಳ್ಳದಲ್ಲಿನ ನದಿ: ಬೆಂಗಳೂರಿನ ನೀರಿನ ಪ್ರಕರಣ

2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಟ್ರ್ಯಾಕ್ಟರುಗಳಿಗೆ ಇದ್ದಕ್ಕಿದ್ದಂತೆ ಬೇಡಿಕೆ ಬಂತು. ಉಳುವುದಕ್ಕಲ್ಲ, ಸಾಫ್ಟ್‌ವೇರ್ ನೌಕರರನ್ನು ಕೂರಿಸಿಕೊಂಡು ಮೊಣಕಾಲುದ್ದದ ನೀರಿನಲ್ಲಿ ಕಚೇರಿ ಮುಟ್ಟಿಸುವುದಕ್ಕೆ. ಅದೇ ಮಳೆಗೆ ಅತ್ತ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಭೀಮೇಶ್ವರ ಹೊಳೆ ಉಕ್ಕಿ ಜಲಮಂಡಳಿಯ ಯಂತ್ರಾಗಾರಕ್ಕೆ ನುಗ್ಗಿತು. ಬೆಂಗಳೂರಿಗೆ ಕಾವೇರಿಯನ್ನು ಎತ್ತಿ ಕಳಿಸುವ ಪಂಪುಗಳು ಮುಳುಗಿ ನಿಂತವು. ನಗರದ ನೆಲಮಹಡಿಗಳಲ್ಲಿ ನೀರು ತುಂಬಿಕೊಂಡಿದ್ದಾಗಲೇ ನಲ್ಲಿಗಳಲ್ಲಿ ಹನಿ ಇರಲಿಲ್ಲ. ಮೇಲಿನಿಂದ ಸುರಿದದ್ದನ್ನು ಹೊರಹಾಕಲು ಒಂದು ಮೋಟಾರು, ಕುಡಿಯುವುದನ್ನು ತರಲು ಒಂದು ಟ್ಯಾಂಕರು, ಎರಡಕ್ಕೂ ಒಂದೇ ಮನೆಯವರು ಒಂದೇ ದಿನ ದುಡ್ಡು ಕೊಟ್ಟರು.

ಬೆಂಗಳೂರಿನ ನೀರಿನ ಕಥೆಯನ್ನು ಯಾರಾದರೂ ಕೇಳಿದರೆ ನಾನು ಆ ವಾರದಿಂದಲೇ ಶುರುಮಾಡುತ್ತೇನೆ. ಸಾಮಾನ್ಯವಾಗಿ ಇದನ್ನು ಕೊರತೆಯ ಕಥೆಯಾಗಿ ಹೇಳುತ್ತಾರೆ. ನನಗೆ ಇದು ಲೆಕ್ಕದ ಕಥೆಯಾಗಿ ಕಾಣುತ್ತದೆ. ಕೊಳವೆಯಲ್ಲಿ ಬರುವ ನೀರನ್ನು ಮಾತ್ರ ಖಾತೆಗೆ ಬರೆದುಕೊಂಡು, ಉಳಿದದ್ದನ್ನು ಬರೆಯದೆಯೇ ಖರ್ಚು ಮಾಡಿದ ಊರು ಇದು.

ಮೊದಲು ನೆಲದ ವಿಷಯ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೆ ಒಂದು ಜೀವನದಿಯೂ ಇಲ್ಲ. ದಿಣ್ಣೆಯ ಮೇಲೆ ಕುಳಿತ ಊರು. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯ ಮೂಲಕ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ದಾರಿ ಹಿಡಿದು ದಕ್ಷಿಣ ಪಿನಾಕಿನಿಗೆ ಇಳಿದು ತಮಿಳುನಾಡಿಗೆ ಹೋಗುತ್ತದೆ. ಇಂಥ ಊರಿನಲ್ಲಿ ನೀರು ನಿಲ್ಲಿಸಬೇಕಾದರೆ ಇಳಿಜಾರಿಗೆ ಅಡ್ಡಲಾಗಿ ಏರಿ ಕಟ್ಟಬೇಕು. ಹಳಬರು ಅದನ್ನೇ ಮಾಡಿದರು. ಒಂದು ಕೆರೆಯ ಕೋಡಿ ಬಿದ್ದರೆ ಕೆಳಗಿನ ಕೆರೆಗೆ, ಅದು ತುಂಬಿದರೆ ಅದರಾಚೆಗೆ. ನೀರುಗಂಟಿ ತೂಬು ಎತ್ತಿ ಇಳಿಸುತ್ತಿದ್ದ. ಊರಿನ ಬಾವಿಗಳಿಗೆ ನೀರೂರಿಸಿದವೂ ಈ ಕೆರೆಗಳೇ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿಯುವವರು ಇಳಿಯುವುದು ಧರ್ಮಾಂಬುಧಿ ಕೆರೆಯ ಅಂಗಳಕ್ಕೆ. ಕಂಠೀರವ ಕ್ರೀಡಾಂಗಣದಲ್ಲಿ ಓಡುವವರು ಸಂಪಂಗಿ ಕೆರೆಯ ತಳದಲ್ಲಿ ಓಡುತ್ತಾರೆ.

ಮೊದಲ ನದಿ ಹೇಗೆ ಕೈಬಿಟ್ಟಿತು

1896ರಲ್ಲಿ ಹೆಸರಘಟ್ಟದಿಂದ ನಗರಕ್ಕೆ ಕೊಳವೆಯ ನೀರು ಬಂತು. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯ ನೀರು ಅದು. ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳು ಅದನ್ನು ಎತ್ತುತ್ತಿದ್ದವು. ಆಗ ದಂಡುಪ್ರದೇಶವೂ ಸೇರಿ ಊರಿನ ಜನಸಂಖ್ಯೆ ಎರಡು ಲಕ್ಷವನ್ನೂ ಮುಟ್ಟಿರಲಿಲ್ಲ. ಮೂರು ದಶಕ ಕಳೆಯುವಷ್ಟರಲ್ಲಿ ಹೆಸರಘಟ್ಟ ಸಾಲದಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಸಮಿತಿ ಅದೇ ಹೊಳೆಯ ಕೆಳಭಾಗಕ್ಕೆ ಕೈ ತೋರಿಸಿತು. ಅರ್ಕಾವತಿಗೆ ಕುಮುದ್ವತಿ ಬಂದು ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ ಚಾಮರಾಜಸಾಗರ ಎದ್ದು, 1933ರಿಂದ ನೀರು ಹರಿಯಿತು.

ಈ ಜಲಾಶಯ ನಗರವನ್ನು ನಾಲ್ಕು ದಶಕ ಒಂಟಿಯಾಗಿ ಎನ್ನುವಷ್ಟರ ಮಟ್ಟಿಗೆ ಸಾಕಿತು. ಆಮೇಲೆ ನಡೆದದ್ದನ್ನು ನಾವು ನಿಂತು ನೋಡಬೇಕು. ಅಣೆಕಟ್ಟು ಒಡೆಯಲಿಲ್ಲ. ಮಳೆಯೂ ಹೇಳಿಕೊಳ್ಳುವಂತೆ ಕೈಕೊಡಲಿಲ್ಲ. ಆದರೂ ಹೊಳೆ ಬರುವುದು ನಿಂತಿತು. ನೆಲಮಂಗಲ, ದೊಡ್ಡಬಳ್ಳಾಪುರದ ಕಡೆಯ ಜಲಾನಯನದಲ್ಲಿ ಕೊಳವೆ ಬಾವಿಗಳು ಆಳಕ್ಕಿಳಿದವು, ಹೊಲಗಳಲ್ಲಿ ನೀಲಗಿರಿ ಎದ್ದಿತು, ಹಳ್ಳಗಳಿಗೆ ಅಡ್ಡ ಬಡಾವಣೆಗಳು ಬಂದವು. ಹಿಂದೆ ಮಳೆ ನಿಂತ ಮೇಲೂ ನೆಲದೊಳಗಿನಿಂದ ಒಸರಿ ಹೊಳೆಯನ್ನು ಜೀವಂತ ಇಟ್ಟಿದ್ದ ನೀರು ಈಗ ನೂರಾರು ಅಡಿ ಕೆಳಗಿತ್ತು. ಅರ್ಕಾವತಿ ಏಕೆ ಬತ್ತಿತು ಎಂದು ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯವರು ಅಧ್ಯಯನ ಮಾಡಿದಾಗ ಹವಾಮಾನಕ್ಕಿಂತ ಅಂತರ್ಜಲದ ಕುಸಿತ ಮತ್ತು ನೀಲಗಿರಿ ತೋಪುಗಳ ಕಡೆಗೇ ಬೆರಳು ಹೋಯಿತು. ಜಲಾನಯನ ರಕ್ಷಿಸಲೆಂದು ಸರ್ಕಾರ 2003ರಲ್ಲಿ ಅಧಿಸೂಚನೆ ಹೊರಡಿಸಿತು. ಅಷ್ಟರಲ್ಲಿ ಹೊಳೆಯ ಜಾಗದಲ್ಲಿ ಹರಿಯುತ್ತಿದ್ದದ್ದು ಬಹುಪಾಲು ಕೊಳಚೆ. 2012ರ ಕೊನೆಗೆ ತಿಪ್ಪಗೊಂಡನಹಳ್ಳಿಯ ನೀರನ್ನು ಕುಡಿಯಲು ಎತ್ತುವುದನ್ನೇ ನಿಲ್ಲಿಸಲಾಯಿತು.

ಇದಕ್ಕಾಗಿ ನಗರ ಕಣ್ಣೀರು ಹಾಕಿದ ನೆನಪು ನನಗಿಲ್ಲ. ಅದೇ ವರ್ಷ ಕಾವೇರಿ ನಾಲ್ಕನೆಯ ಹಂತದ ಎರಡನೆಯ ಘಟ್ಟ ಬಂದು ದಿನಕ್ಕೆ ಹೊಸದಾಗಿ 50 ಕೋಟಿ ಲೀಟರ್ ಸಿಕ್ಕಿತ್ತು. ಹೊಸ ಕೊಳವೆ ಬಂದಾಗ ಹಳೆಯ ಹೊಳೆ ಮರೆತುಹೋಗುವುದು ಇಲ್ಲಿನ ರೂಢಿ.

ಐದು ಹಂತದ ಕಾವೇರಿ

ಜಲಮಂಡಳಿ ಹುಟ್ಟಿದ್ದು 1964ರಲ್ಲಿ. ಅದರ ದೊಡ್ಡ ಕೆಲಸ ಕಾವೇರಿಯೇ. 1974ರಲ್ಲಿ ಮೊದಲ ಹಂತ, ದಿನಕ್ಕೆ 13.5 ಕೋಟಿ ಲೀಟರ್. 1982ರಲ್ಲಿ ಅಷ್ಟೇ ಪ್ರಮಾಣದ ಎರಡನೆಯದು. ತೊಂಬತ್ತರ ದಶಕದ ಆರಂಭದಲ್ಲಿ ಮೂರನೆಯದು, 2002ರಲ್ಲಿ ನಾಲ್ಕನೆಯದರ ಮೊದಲ ಘಟ್ಟ, 2012ರಲ್ಲಿ ಎರಡನೆಯದು. ಎಲ್ಲ ಸೇರಿ ದಿನಕ್ಕೆ ಸುಮಾರು 145 ಕೋಟಿ ಲೀಟರ್. 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾದ ಐದನೆಯ ಹಂತ ಇದಕ್ಕೆ 77.5 ಕೋಟಿ ಲೀಟರ್ ಕೂಡಿಸಿತು. ಜಪಾನಿನ ಜೈಕಾ ಸಾಲದ ಯೋಜನೆ ಅದು.

ಶಿವನಸಮುದ್ರದ ಆಸುಪಾಸಿನ ಇದೇ ನದಿಯ ತುಂಡು 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಕೊಟ್ಟಿತ್ತು. ಅಲ್ಲಿ ನೀರು ಕೆಳಗೆ ಬಿದ್ದು ವಿದ್ಯುತ್ ಕೊಡುತ್ತದೆ, ನಾವು ಅದೇ ನೀರಿಗೆ ವಿದ್ಯುತ್ ಕೊಟ್ಟು ಮೇಲಕ್ಕೆ ಎತ್ತುತ್ತೇವೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ನಿಲ್ದಾಣಗಳಲ್ಲಿ ಎತ್ತಿ, ಸುಮಾರು 100 ಕಿ.ಮೀ. ತಳ್ಳಿ ತರಬೇಕು. ಒಟ್ಟು ಏರು ಹತ್ತಿರ ಹತ್ತಿರ 500 ಮೀಟರ್, ವಿಧಾನಸೌಧದ ಎತ್ತರದ ಹತ್ತು ಪಟ್ಟಿಗಿಂತ ಹೆಚ್ಚು. ಶಾಲೆಯ ಭೌತಶಾಸ್ತ್ರದ ಲೆಕ್ಕವನ್ನೇ ಹಾಕಿದರೂ ಒಂದು ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಒಯ್ಯಲು, ಪಂಪಿನ ನಷ್ಟವೂ ಸೇರಿ, ಎರಡು ಯೂನಿಟ್ಟಿನಷ್ಟು ವಿದ್ಯುತ್ ಬೇಕು. 2014ರ ದರಪಟ್ಟಿಯಲ್ಲಿ ಮನೆಗಳಿಗೆ ತಿಂಗಳ ಮೊದಲ ಎಂಟು ಸಾವಿರ ಲೀಟರ್‌ವರೆಗೆ ಸಾವಿರ ಲೀಟರಿಗೆ ಬೆಲೆ 7 ರೂಪಾಯಿ. ಎರಡು ಯೂನಿಟ್ಟಿನ ಬಿಲ್ಲಿಗೇ ಅದು ಸಾಲದು. ಆ ದರ ಮತ್ತೆ ಏರಿದ್ದು 2025ರ ಏಪ್ರಿಲಿನಲ್ಲಿ. ಹೀಗೆ ಕಷ್ಟಪಟ್ಟು ತಂದದ್ದರಲ್ಲಿ ಕಾಲು ಭಾಗಕ್ಕೂ ಹೆಚ್ಚು ನೀರು ಸೋರಿಕೆ, ಕಳವು, ಲೆಕ್ಕಕ್ಕೆ ಸಿಗದ ಸಂಪರ್ಕ ಎಂದು ಕಾಣೆಯಾಗುತ್ತದೆ. ಒಂದು ಇಡೀ ಹಂತದಷ್ಟು ನೀರನ್ನು ದಾರಿಯಲ್ಲಿ ಚೆಲ್ಲಿಕೊಂಡು ಮುಂದಿನ ಹಂತಕ್ಕೆ ಸಾಲ ಕೇಳುವ ಸಂಸಾರವಿದು.

ಎಂಜಿನಿಯರಿಂಗ್ ಎಷ್ಟಾದರೂ ಮಾಡಬಹುದು, ಹಕ್ಕಿನ ಪ್ರಶ್ನೆ ಬೇರೆ. 2007ರ ಫೆಬ್ರುವರಿಯಲ್ಲಿ ಕಾವೇರಿ ನ್ಯಾಯಮಂಡಳಿಯ ಅಂತಿಮ ತೀರ್ಪು ಬಂದಾಗ ಬೆಂಗಳೂರಿನ ಪಾಲು ಕುಗ್ಗಿತು. ಅದಕ್ಕೆ ಎರಡು ಕಾರಣ. ನಗರದ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಎಂಬುದು ಒಂದು. ಮೇಲೆ ಹೇಳಿದ ದಿಣ್ಣೆ ಇಲ್ಲಿ ಕಾನೂನಾಗಿ ಎದುರಾಯಿತು. ಇನ್ನೊಂದನ್ನು ನಮ್ಮಲ್ಲಿ ಯಾರೂ ಅಷ್ಟಾಗಿ ಆಡಿಕೊಳ್ಳಲಿಲ್ಲ: ನಗರದ ಕುಡಿಯುವ ನೀರಿನ ಅಗತ್ಯದಲ್ಲಿ ಅರ್ಧದಷ್ಟು ಅಂತರ್ಜಲದಿಂದ ಪೂರೈಕೆಯಾಗುತ್ತದೆ ಎಂದು ನ್ಯಾಯಮಂಡಳಿ ಭಾವಿಸಿತ್ತು. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಇದನ್ನು ತಿದ್ದಿತು. ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿಎಂಸಿಯಲ್ಲಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆಂದೇ ಹೇಳಿತು. ಊರಿನಲ್ಲಿ ಪಟಾಕಿ ಹೊಡೆದಷ್ಟೇ ಸಂಭ್ರಮ. 4.75 ಟಿಎಂಸಿ ಎಂದರೆ ವರ್ಷಪೂರ್ತಿ ದಿನಕ್ಕೆ ಸುಮಾರು 37 ಕೋಟಿ ಲೀಟರ್, ಐದನೆಯ ಹಂತದ ಅರ್ಧದಷ್ಟೂ ಅಲ್ಲ ಎಂದು ಆ ದಿನ ಭಾಗಿಸಿ ನೋಡಿದವರು ಕಡಿಮೆ.

ಖಾತೆಗೆ ಬಾರದ ನದಿ

2007 ಇನ್ನೊಂದು ಕಾರಣಕ್ಕೂ ಮುಖ್ಯ. ಅದೇ ವರ್ಷ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆಯಿತು. 741 ಚದರ ಕಿ.ಮೀ. ನಗರ ಒಂದು ಆದೇಶದಲ್ಲಿ ಬೃಹತ್ ಆಯಿತು, ಕೊಳವೆ ಮಾತ್ರ ಹಳೆಯ ಎಲ್ಲೆಯಲ್ಲೇ ನಿಂತಿತು. ಹೊರಗಿನವರಿಗೆ ನೀರು ಕೊಟ್ಟದ್ದು ನೆಲ. ಹಳ್ಳಿಯ ಹೊಲ ಬಡಾವಣೆಯಾದಂತೆ, ಬಡಾವಣೆ ಅಪಾರ್ಟ್‌ಮೆಂಟ್ ಆದಂತೆ ಒಂದೊಂದು ಗೇಟಿನ ಹಿಂದೆ ಒಂದೊಂದು ಕೊಳವೆ ಬಾವಿ. ಅದು ಬತ್ತಿದರೆ ಪಕ್ಕದಲ್ಲಿ ಇನ್ನೂ ಆಳದ್ದು. ನಾನಿರುವುದೂ ಆ 110 ಹಳ್ಳಿಗಳಲ್ಲೊಂದರ ಬಡಾವಣೆಯಲ್ಲಿ, ಊರಿನ ಪೂರ್ವದ ಅಂಚಿನಲ್ಲಿ.

2023ರ ಮುಂಗಾರು ಕೈಕೊಟ್ಟಿತು. 2024ರ ಮಾರ್ಚಿನಲ್ಲಿ ದೇಶದ ಪತ್ರಿಕೆಗಳೆಲ್ಲ ಬೆಂಗಳೂರು ಬಾಯಾರಿದೆ ಎಂದು ಬರೆದವು. ಆದರೆ ಮಲ್ಲೇಶ್ವರ, ಬಸವನಗುಡಿಯ ನೆಂಟರಿಗೆ ಫೋನು ಮಾಡಿದರೆ ಅವರ ಮನೆಯಲ್ಲಿ ಎಂದಿನಂತೆ ಎರಡು ದಿನಕ್ಕೊಮ್ಮೆ ಕಾವೇರಿ ಬರುತ್ತಿತ್ತು. ಬತ್ತಿದ್ದು ಕಾವೇರಿಯ ಬೆಂಗಳೂರಲ್ಲ, ಬೋರ್‌ವೆಲ್ಲಿನ ಬೆಂಗಳೂರು. ಸರ್ಕಾರವೇ ಹೇಳಿದ ಅಂಕಿ ಅದನ್ನು ಸ್ಪಷ್ಟ ಮಾಡುತ್ತದೆ: ದಿನದ ಅಗತ್ಯ 260 ಕೋಟಿ ಲೀಟರ್, ಕಾವೇರಿಯಿಂದ ಸುಮಾರು 145 ಕೋಟಿ, ಕೊಳವೆ ಬಾವಿಗಳಿಂದ 65 ಕೋಟಿ, ಉಳಿದ 50 ಕೋಟಿ ಕೊರತೆ. ಸುಮಾರು 14 ಸಾವಿರ ಸರ್ಕಾರಿ ಕೊಳವೆ ಬಾವಿಗಳಲ್ಲಿ 6,900 ಬತ್ತಿದ್ದವು. ಖಾಸಗಿಯವು ಇದಕ್ಕೆ ಸೇರಿಲ್ಲ. ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ತಮ್ಮ ಮನೆಯ ಕೊಳವೆ ಬಾವಿಯೂ ಬತ್ತಿದೆ ಎಂದರು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಮಂಡಳಿ ಸಾರಿತು.

ನಮ್ಮ ಬಡಾವಣೆಯ ಬೋರ್‌ವೆಲ್ ಫೆಬ್ರುವರಿಯಲ್ಲೇ ಗಾಳಿ ಉಗುಳಲು ಶುರುಮಾಡಿತ್ತು. ಮೋಟಾರು ಹಾಕಿದರೆ ಹತ್ತು ನಿಮಿಷ ಕೆಂಪು ನೀರು, ಆಮೇಲೆ ಗೊರಗೊರ ಸದ್ದು. ಒಂದು ಬೆಳಿಗ್ಗೆ ಐದು ಗಂಟೆಗೆ ಟ್ಯಾಂಕರು ಬಂತು. ಚಾಲಕ ಹುಡುಗ ಸಂಪಿನ ಮುಚ್ಚಳ ಸರಿಸಿ ಪೈಪು ಇಳಿಬಿಟ್ಟು ಗೇಟಿಗೊರಗಿ ನಿಂತ.

"ಎಲ್ಲಿಂದ ತರುತ್ತೀಯಪ್ಪಾ?" ಎಂದೆ.

"ಹೊಸಕೋಟೆ ಆಚೆಯಿಂದ ಸಾರ್. ತೋಟದ ಬೋರ್‌ವೆಲ್ಲು. ಗೌಡರು ಈ ಸಲ ಟೊಮೆಟೊ ಹಾಕಲಿಲ್ಲ, ನೀರನ್ನೇ ಮಾರುತ್ತಿದ್ದಾರೆ."

ಆ ತಿಂಗಳು ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಿತು. ಐದು ಕಿ.ಮೀ. ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000. ಎಂದರೆ ಸಾವಿರ ಲೀಟರಿಗೆ 83ರಿಂದ 100 ರೂಪಾಯಿ, ಅದೂ ತೆರಿಗೆ ಬಿಟ್ಟು. ಹಳೆಯ ಊರಿನ ಮನೆಗೆ 7 ರೂಪಾಯಿ. ಬಡವರ ಓಣಿಯವರು ಬಿಂದಿಗೆಯ ಲೆಕ್ಕದಲ್ಲಿ ಕೊಳ್ಳುವಾಗ ಇದಕ್ಕಿಂತ ಹೆಚ್ಚೇ ಕೊಟ್ಟರು. ಅಗ್ಗದ ನೀರಿನ ವಾದ ಮಾಡುವಾಗ ನಾವು ಯಾರ ಅಗ್ಗದ ಮಾತಾಡುತ್ತಿದ್ದೇವೆ ಎಂದು ಕೇಳಿಕೊಳ್ಳುವುದಿಲ್ಲ.

ದೂರದ ನದಿಗಳು

ಪ್ರತಿ ಬೇಸಿಗೆಯ ಬಿಕ್ಕಟ್ಟಿನ ಹಿಂದೆಯೇ ಒಂದು ದೂರದ ನದಿಯ ಹೆಸರು ಕೇಳಿಬರುತ್ತದೆ. 2019ರಲ್ಲಿ ಅದು ಶರಾವತಿ. ಲಿಂಗನಮಕ್ಕಿಯಿಂದ 30 ಟಿಎಂಸಿ ನೀರನ್ನು 300 ಕಿ.ಮೀ.ಗೂ ಹೆಚ್ಚು ದೂರ ತರುವ ಮಾತು. ಸಾಗರ, ಶಿವಮೊಗ್ಗದ ಜನ ಬೀದಿಗಿಳಿದರು, ಆ ಜುಲೈನಲ್ಲಿ ಶಿವಮೊಗ್ಗ ಬಂದ್ ಆಯಿತು. ಅವರ ಸಿಟ್ಟಿಗೆ ಕಾರಣವಿತ್ತು. ರಾಜ್ಯಕ್ಕೆ ವಿದ್ಯುತ್ ಬೇಕೆಂದು ಅರವತ್ತರ ದಶಕದಲ್ಲಿ ಮುಳುಗಿದವರು ಅವರೇ, ಆ ಸಂತ್ರಸ್ತರಲ್ಲಿ ಅನೇಕರಿಗೆ ಇಂದಿಗೂ ಭೂಮಿಯ ಹಕ್ಕುಪತ್ರ ಕೈಸೇರಿಲ್ಲ. ಅದರ ಮೇಲೆ, ಕೆಳಗೆ ಬಿದ್ದು ವಿದ್ಯುತ್ ಕೊಡುವ ನೀರನ್ನು ವಿದ್ಯುತ್ ಕೊಟ್ಟು ಇತ್ತ ಎತ್ತಿ ತರುವ ಅದೇ ವಿಚಿತ್ರ ವ್ಯಾಪಾರ. ಯೋಜನೆ ಆಗ ಮೂಲೆ ಸೇರಿತು.

ಸಕಲೇಶಪುರದ ಕಡೆಯ ಘಟ್ಟದ ಹಳ್ಳಗಳ ನೀರನ್ನು ಪೂರ್ವದ ಬಯಲುಸೀಮೆಗೆ ತಿರುಗಿಸುವ ಎತ್ತಿನಹೊಳೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 24 ಟಿಎಂಸಿ ಎಂದು ಹೊರಟ ಯೋಜನೆ, 8 ಸಾವಿರ ಕೋಟಿಯ ಆಸುಪಾಸಿನಿಂದ 23 ಸಾವಿರ ಕೋಟಿ ರೂಪಾಯಿ ದಾಟಿತು. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ಅಷ್ಟು ನೀರು ಆ ಹಳ್ಳಗಳಲ್ಲಿ ಇದೆಯೇ ಎಂಬ ತಕರಾರು ಭಾರತೀಯ ವಿಜ್ಞಾನ ಸಂಸ್ಥೆಯ ಅಂಗಳದಿಂದಲೇ ಬಂದಿತ್ತು.

ಮೇಕೆದಾಟಿನ ಕಥೆ ಸ್ವಾರಸ್ಯದ್ದು. ಕನಕಪುರ ತಾಲ್ಲೂಕಿನಲ್ಲಿ 67 ಟಿಎಂಸಿಯ ಸಮತೋಲನ ಜಲಾಶಯ, 400 ಮೆಗಾವಾಟ್ ವಿದ್ಯುತ್, ಬೆಂಗಳೂರಿಗೆ ಆ 4.75 ಟಿಎಂಸಿ. ತಮಿಳುನಾಡಿನ ವಿರೋಧ ಒಂದು ಕಡೆ, ಮುಳುಗಡೆಯಾಗುವ ಸುಮಾರು 5,000 ಹೆಕ್ಟೇರಿನಲ್ಲಿ ಬಹುಪಾಲು ಕಾವೇರಿ ವನ್ಯಧಾಮದ್ದು ಮತ್ತು ಮೀಸಲು ಅರಣ್ಯದ್ದು ಎಂಬುದು ಇನ್ನೊಂದು ಕಡೆ. 2022ರ ಜನವರಿಯಲ್ಲಿ ಇದಕ್ಕಾಗಿ ಪಾದಯಾತ್ರೆಯೂ ಆಯಿತು. ಭೂಪಟ ಬಿಡಿಸಿ ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಬೆಂಗಳೂರಿನ ಪಶ್ಚಿಮದ ಕೊಳಚೆ ಹೊತ್ತ ವೃಷಭಾವತಿ ಬೈರಮಂಗಲ ಕೆರೆ ದಾಟಿ ಅರ್ಕಾವತಿಗೆ ಸೇರುತ್ತದೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ. ಮೇಕೆದಾಟು ಇರುವುದು ಸಂಗಮದಿಂದ ಕೆಳಗೆ. ನಾವು 1896ರಲ್ಲಿ ಕುಡಿಯಲು ಶುರುಮಾಡಿ ಕೆಡಿಸಿ ಬಿಟ್ಟ ಅದೇ ಹೊಳೆ, ನಮ್ಮ ಕೊಳಚೆಯನ್ನೇ ಹೊತ್ತು, ನಮ್ಮ ಮುಂದಿನ ಜಲಾಶಯಕ್ಕೆ ಬಂದು ಬೀಳುತ್ತದೆ.

ಕೋಲಾರಕ್ಕೆ ಹೋದ ನೀರು

ಕೊಳಚೆಯೂ ನೀರೇ ಎಂಬುದನ್ನು ನಗರ ಒಪ್ಪಿಕೊಂಡದ್ದು ಬೇರೆಯವರಿಗೆ ಕೊಡುವಾಗ. 2018ರ ಜೂನಿನಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 44 ಕೋಟಿ ಲೀಟರಿನ ಯೋಜನೆ. ಮುಂದಿನ ತಿಂಗಳೇ ಕೆರೆಯಲ್ಲಿ ನೊರೆ ಎದ್ದು, ಹೈಕೋರ್ಟಿನ ತಡೆ ಬಂದು, ಸಂಸ್ಕರಣೆಯ ಮಟ್ಟದ ಬಗ್ಗೆ ದೊಡ್ಡ ಜಗಳವೇ ಆಯಿತು. ಮೂರನೆಯ ಹಂತದ ಸಂಸ್ಕರಣೆ ಆಗಲೇಬೇಕು ಎಂಬ ಕೋಲಾರದವರ ಪಟ್ಟು ನ್ಯಾಯವಾದದ್ದೇ. ಆದರೂ ಎರಡು ದಶಕ ಒಣಗಿ ಬಿರಿದಿದ್ದ ಕೆರೆಗಳು ಒಂದರ ಹಿಂದೊಂದು ಕೋಡಿ ಬಿದ್ದವು. ಸುತ್ತಲಿನ ಬಾವಿಗಳಲ್ಲಿ ನೀರು ಮೇಲೆ ಬಂತು. ಹೆಬ್ಬಾಳ–ನಾಗವಾರ ಕಣಿವೆಯ 21 ಕೋಟಿ ಲೀಟರ್ ಹೀಗೆಯೇ ಚಿಕ್ಕಬಳ್ಳಾಪುರಕ್ಕೆ ಮೀಸಲಾಯಿತು. ನೂರು ಕಿ.ಮೀ. ಹತ್ತಿ ಬಂದ ಕಾವೇರಿ ಎರಡನೆಯ ಸಲ ಕೆಲಸಕ್ಕೆ ಬಂದದ್ದು ಇಲ್ಲಿ. ಅದೇ ನೀರನ್ನು ನಗರದ ಪೂರ್ವದಂಚಿನ ಬಾಯಾರಿದ ವರ್ತೂರು, ಹೂಡಿಯ ಕೆಳಗಿನ ನೆಲಕ್ಕೆ ಇನ್ನಷ್ಟು ಚೊಕ್ಕ ಮಾಡಿ ಇಂಗಿಸುವ ಕೆಲಸ ಕೋಲಾರದ ಪ್ರಮಾಣದಲ್ಲಿ ಆಗಲಿಲ್ಲ.

ಮಳೆಯ ಲೆಕ್ಕವನ್ನೂ ಹಾಕಿಬಿಡೋಣ. ವರ್ಷಕ್ಕೆ ಸುಮಾರು 950 ಮಿ.ಮೀ. ಮಳೆ, 741 ಚದರ ಕಿ.ಮೀ. ನೆಲ. ಗುಣಿಸಿದರೆ 25 ಟಿಎಂಸಿಯ ಹತ್ತಿರ. ಐದೂ ಹಂತದ ಕಾವೇರಿ ಒಂದು ದಿನವೂ ನಿಲ್ಲದೆ ಹರಿದರೆ ವರ್ಷಕ್ಕೆ 29 ಟಿಎಂಸಿಯಷ್ಟು. ಬಿದ್ದದ್ದನ್ನೆಲ್ಲ ಹಿಡಿಯಲಾಗದು ನಿಜ. ಆವಿಯಾಗುತ್ತದೆ, ಎರಡು ತಾಸಿನಲ್ಲಿ ಸುರಿದು ರಾಜಕಾಲುವೆಗೆ ಹೋಗುತ್ತದೆ. ಆದರೆ 30×40ರ ಒಂದು ಸೈಟಿನ ಮೇಲೆ ವರ್ಷಕ್ಕೆ ಬೀಳುವುದೇ ಒಂದು ಲಕ್ಷ ಲೀಟರ್, ಎಂಟು ದೊಡ್ಡ ಟ್ಯಾಂಕರಿನಷ್ಟು. 2009ರಲ್ಲೇ ಮಳೆನೀರು ಸಂಗ್ರಹ ಕಡ್ಡಾಯವೆಂದು ಕಾಯ್ದೆ ತಿದ್ದುಪಡಿಯಾಗಿದೆ. ಅದರಿಂದ ಹುಟ್ಟಿದ್ದರಲ್ಲಿ ಎಷ್ಟೋ, ಪರಿಶೀಲನೆಯ ದಿನಕ್ಕೆಂದು ಚಾವಣಿಯಿಂದ ಇಳಿಬಿಟ್ಟ, ಎಲ್ಲಿಗೂ ಮುಟ್ಟದ ಪೈಪುಗಳು.

ನಮ್ಮ ಬಡಾವಣೆಯಲ್ಲಿ ಒಂದು ಇಂಗುಗುಂಡಿ ಆ ಬರದ ಮಾರ್ಚಿನಲ್ಲಿ ತೋಡಿದ್ದೆವು. ಇಪ್ಪತ್ತಡಿ ಆಳ, ಸಿಮೆಂಟಿನ ಬಳೆಗಳು, ಮೇಲೆ ಜಲ್ಲಿ. ಆ ಮೇ ತಿಂಗಳ ಮೊದಲ ಮಳೆಗೆ ಹೆಂಗಸರು ಮಕ್ಕಳು ಕೊಡೆ ಹಿಡಿದು ಸುತ್ತ ನಿಂತು, ನೀರು ಗಿರ್ರೆಂದು ಒಳಗಿಳಿಯುವುದನ್ನು ನೋಡಿದರು. ಎರಡು ಮಳೆಗಾಲದಲ್ಲಿ ಬೋರ್‌ವೆಲ್ಲು ಸ್ವಲ್ಪ ಉಸಿರಾಡಿತು. ಅಷ್ಟರಲ್ಲಿ ಐದನೆಯ ಹಂತದ ಕೊಳವೆ ನಮ್ಮ ಬೀದಿಗೂ ಬಂತು. ಸಂಪರ್ಕ ಶುಲ್ಕ ದುಬಾರಿಯೆಂದು 110 ಹಳ್ಳಿಗಳ ಜನ ಹಿಂದೇಟು ಹಾಕಿದ್ದರಿಂದ ಮಂಡಳಿ ಕಂತಿನ ಸೌಲಭ್ಯ ಕೊಟ್ಟಿತ್ತು, ನಾವೂ ಕಂತಿನಲ್ಲೇ ಕಟ್ಟಿದೆವು. ಕಾವೇರಿ ಸಂಪಿಗೆ ಬಿದ್ದ ದಿನ ಸಂಘದವರು ಸಿಹಿ ಹಂಚಿದರು. ಆ ಮಳೆಗಾಲಕ್ಕೆ ಇಂಗುಗುಂಡಿಯ ಹೂಳು ತೆಗೆಸಲು ಯಾರಿಗೂ ನೆನಪಾಗಲಿಲ್ಲ. ಪಕ್ಕದ ಸೈಟಿನ ಕಟ್ಟಡದವರು ಅದರ ಮೇಲೆ ಎಂ-ಸ್ಯಾಂಡ್ ರಾಶಿ ಹಾಕಿದ್ದಾರೆ.

ಕಳೆದ ವಾರ ವಾಲ್ವ್ ತಿರುಗಿಸಲು ಬಂದವರನ್ನು, ಬೋರ್‌ವೆಲ್ಲಿನ ಮೋಟಾರು ಎತ್ತಿಸಿ ಮಾರಿಬಿಡಬಹುದೇ ಎಂದು ನಮ್ಮ ಸಂಘದ ಕಾರ್ಯದರ್ಶಿ ಕೇಳಿದರು. ಆತ ಕಬ್ಬಿಣದ ಕೀಲಿಯನ್ನು ಗುಂಡಿಯೊಳಗೆ ಇಳಿಸಿ, ಎರಡು ಸುತ್ತು ತಿರುಗಿಸಿ, ತಲೆ ಎತ್ತದೆಯೇ ಹೇಳಿದರು: "ಬೇಡಿ ಸಾರ್, ಇಟ್ಟುಕೊಂಡಿರಿ. ನಾವು ಬಿಡುವುದು ಮೂರು ದಿನಕ್ಕೊಮ್ಮೆ."